ಕೈಯಲ್ಲಿ ಕರಗದ ಉಂಡೆ

ಏಪ್ರಿಲ್ 3, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು, ಗುಬ್ಬಿ ಕಾಲು. ದಿನಾ ನಾಲ್ಕು ಸಾಲು ಬರೆಯಬೇಕೆಂದು ಆಸ್ಪತ್ರೆಯ ವ್ಯಾಯಾಮದ ಮೇಡಂ ಈ ಪುಸ್ತಕ ಕೊಟ್ಟಿದ್ದಾರೆ. ನಾಲ್ಕಾಯಿತು.

ಏಪ್ರಿಲ್ 7, ಸೋಮವಾರ

ಎಡಗೈ ಕೊಂಚ ಮಾತು ಕೇಳುತ್ತಿದೆ. ನಡೆದದ್ದನ್ನು ಒಮ್ಮೆ ಬರೆದು ಮುಗಿಸಿಬಿಡುತ್ತೇನೆ.

ಎರಡು ತಿಂಗಳ ಹಿಂದೆ ನಮ್ಮ ಹೊಲಿಗೆ ಅಂಗಡಿಯ ಟ್ರಯಲ್ ಕೋಣೆಯ ಆಳೆತ್ತರದ ಕನ್ನಡಿ ಮೊಳೆಯಿಂದ ಕಳಚಿತು. ಬುದ್ಧಿ ಇದ್ದವರು ಹಿಂದೆ ಸರಿಯುತ್ತಾರೆ. ನಾನು ಹಿಡಿಯಲು ಹೋದೆ. ಬಲ ಮಣಿಕಟ್ಟಿನಲ್ಲಿ ನರ ಕತ್ತರಿಸಿಹೋಯಿತು. ಡಾಕ್ಟರು ಹೊಲಿದರು. ಹೊಲಿಗೆ ಚೆನ್ನಾಗಿದೆ, ಅಂತರ ಒಂದೇ ಸಮ ಇದೆ. ಅಷ್ಟನ್ನು ನಾನು ಒಪ್ಪಬೇಕು, ಇಪ್ಪತ್ತನಾಲ್ಕು ವರ್ಷದಿಂದ ಕಟಿಂಗ್ ಮಾಸ್ಟರ್ ಆಗಿರುವವಳು. ಗಂಡಸರ ಕೋಟು ಹೆಂಗಸು ಕತ್ತರಿಸುವುದೇ ಎಂದು ಮೂಗು ಮುರಿದವರು ಆಮೇಲೆ ನನ್ನ ಮೇಜಿನ ಮುಂದೆಯೇ ಸಾಲು ನಿಂತರು.

ಈಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಇವೆ, ಆದರೆ ನನ್ನವಲ್ಲ. ಮುಟ್ಟಿದರೆ ಗೊತ್ತಾಗುವುದಿಲ್ಲ. ತಣ್ಣಗೆ, ಒಣಗಿಕೊಂಡು, ಬೇರೆಯವರ ಮನೆಯಿಂದ ಎರವಲು ತಂದ ಹಾಗಿವೆ. ಕತ್ತರಿ ನಡೆಸುವುದು ಈ ಮೂರೇ.

ನರ ಬೆಳೆದರೆ ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತದಂತೆ. ಟೇಪು ಹಿಡಿದು ಅಳೆದೆ. ಮಣಿಕಟ್ಟಿನಿಂದ ನಡುಬೆರಳ ತುದಿಗೆ ಏಳಿಂಚು. ಅಂದರೆ ಆರು ತಿಂಗಳು.

ಅಂಗಡಿಯ ಯಜಮಾನರು ನಿನ್ನೆ ಮನೆಗೆ ಬಂದಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದರು, "ಮಾಸ್ಟ್ರೇ, ಸೆಪ್ಟೆಂಬರ್ ಒಂದರವರೆಗೂ ನಿಮ್ಮ ಮೇಜನ್ನ ಯಾರೂ ಮುಟ್ಟಲ್ಲ. ಅದರಾಚೆ ನನ್ನ ಕೈಲಾಗಲ್ಲ, ಬೇರೆಯವರನ್ನ ನೋಡ್ಲೇಬೇಕಾಗುತ್ತೆ." ಒಳ್ಳೆಯ ಮನುಷ್ಯ. ಅದಕ್ಕೇ ಬೈಯಲೂ ಆಗಲಿಲ್ಲ.

ಏಪ್ರಿಲ್ 19, ಶನಿವಾರ

ವ್ಯಾಯಾಮದ ಮೇಡಂಗೆ ನಾನು ಇಟ್ಟ ಹೆಸರು 'ಇನ್ನೊಂದ್ಸಲ'. ಬೆರಳು ಮಡಚಿದರೆ "ಇನ್ನೊಂದ್ಸಲ." ಬಿಡಿಸಿದರೆ "ಇನ್ನೊಂದ್ಸಲ." ಇವತ್ತು ಅಂಗೈಗೆ ಹಸಿರು ಜೇಡಿಮಣ್ಣಿನಂಥದ್ದೊಂದು ಮುದ್ದೆ ಹಾಕಿ, ಮನೆಯಲ್ಲಿ ದಿನಾ ನೂರು ಸಲ ಉಂಡೆ ಮಾಡಿ ಎಂದರು. ಐವತ್ತರ ಹತ್ತಿರ ಬಂದವಳು ಮಣ್ಣಾಟ ಆಡಬೇಕು.

ಜಡೆ ಹಾಕಿಕೊಳ್ಳಲು ಆಗದ್ದರಿಂದ ಇವರೇ ಹಾಕುತ್ತಾರೆ. ಬಸ್ಸು ಓಡಿಸುವ ಕೈ ಅದು, ಕೂದಲನ್ನು ಗೇರು ಎಳೆದ ಹಾಗೆ ಎಳೆಯುತ್ತದೆ. ಬೈತಲೆಯಲ್ಲಿ ಎಂಟು ತಿರುವು. ಇವತ್ತಿನ ಜಡೆ ಬಾಗಿಲು ದಾಟುವ ಮೊದಲೇ ಬಿಚ್ಚಿಹೋಯಿತು. "ನಾಳೆ ಸರಿಯಾಗುತ್ತೆ ಬಿಡು" ಎಂದು ಡ್ಯೂಟಿಗೆ ಓಡಿದರು. ಎರಡು ತಿಂಗಳಿಂದ ಇದೇ ನಾಳೆ.

ಮೇ 2, ಶುಕ್ರವಾರ

ನಾದಿನಿ ಬಂದಿದ್ದಳು. ಇವರ ತಂಗಿ, ಹಿಂದಿನ ಬೀದಿಯಲ್ಲೇ ಒಬ್ಬಳೇ ಇರುವವಳು. ಕೇಕಿನ ಅಂಗಡಿಯಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ ಅವಳಿಗೊಂದು ಸ್ಕರ್ಟು ಹೊಲಿದುಕೊಟ್ಟಿದ್ದೆ. ಬಿಗಿಯಾಯಿತು ಅಂದಳು. "ಬಟ್ಟೆಯದೇನೂ ತಪ್ಪಿಲ್ಲ, ಸೊಂಟ ಬೆಳೆದಿದೆ" ಅಂದೆ. ಅಳತೆ ಹೇಳಿದ್ದು, ಅಷ್ಟೆ. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಇವರ ಮೂಲಕವೇ ಓಡಾಡುತ್ತಿದೆ. ಪಾಪ, ಬಸ್ಸು ಓಡಿಸಿ ಬಂದ ಮೇಲೆ ಈ ಡ್ಯೂಟಿ ಬೇರೆ.

ನಾನು ಹಸಿರು ಮಣ್ಣು ಹೊಸೆಯುತ್ತ ಕೂತಿದ್ದೆ. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಇವರ ಕಡೆ ತಿರುಗಿ, "ಅಣ್ಣಾ, ಉಂಡೆ ಕಟ್ಟೋದೇ ಆದ್ರೆ ನನ್ನ ಮನೇಲಿ ಬಂದು ಕಟ್ಟಬಹುದಲ್ವಾ? ಭಾನುವಾರ ಭಾನುವಾರ ನಾನು ಟ್ರಫಲ್ ಮಾಡ್ತೀನಿ, ಚಾಕೊಲೇಟ್ ಉಂಡೆ. ಕೈಗೂ ಆಯ್ತು, ಬಾಯಿಗೂ ಆಯ್ತು" ಅಂದಳು.

ಇವರು ನನ್ನ ಕಡೆ ತಿರುಗಿದರು. "ಕೇಳಿಸ್ತು ರೀ" ಅಂದೆ.

ಮೇ 11, ಭಾನುವಾರ

ಹೋದೆ. ಹೋಗಬಾರದು ಅಂತಲೇ ಇದ್ದೆ, ಇವರು ಚಪ್ಪಲಿ ತಂದು ಕಾಲ ಬಳಿ ಇಟ್ಟರು.

ಅವಳ ಅಡುಗೆಮನೆ ನಮ್ಮ ಟ್ರಯಲ್ ಕೋಣೆಗಿಂತ ಚೂರು ದೊಡ್ಡದು. ಕಪ್ಪು ಚಾಕೊಲೇಟ್ ಸಣ್ಣಗೆ ಕೊಚ್ಚಿದಳು. ಕ್ರೀಮು ಕಾಯಿಸಿ, ಅಂಚಿನಲ್ಲಿ ಗುಳ್ಳೆ ಬರುತ್ತಿದ್ದ ಹಾಗೆ ಅದರ ಮೇಲೆ ಸುರಿದು ಮುಚ್ಚಿಟ್ಟಳು. ಆಮೇಲೆ ನಡುವಿನಿಂದ ಮೆಲ್ಲಗೆ ಕಲಸಿದಳು. ಮೊದಲು ಒಡೆದ ಹಾಲಿನ ಹಾಗೆ ಕಂಡಿತು, ನೋಡನೋಡುತ್ತ ರೇಷ್ಮೆಯಾಯಿತು. ಅದಕ್ಕೇನೋ ಹೆಸರು ಹೇಳಿದಳು, ನನ್ನ ನಾಲಿಗೆ ಹೊರಳಲಿಲ್ಲ. ನಾನು ಪಾಕ ಅನ್ನುತ್ತೇನೆ. ಅದು ಫ್ರಿಜ್ಜಿನಲ್ಲಿ ಗಟ್ಟಿಯಾದ ಮೇಲೆ ಚಮಚದಲ್ಲಿ ತೆಗೆದು, ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಬೇಕು.

ಅವಳ ಕೈ ಒಲೆ ಇದ್ದ ಹಾಗೆ. ಮೂರನೆಯ ಉಂಡೆಗೇ ಅಂಗೈಯೆಲ್ಲ ಕೆಸರು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನನಗೆ ಬರೀ ಕೆಸರೇ" ಎಂದು ಗೊಣಗುತ್ತ ನಲ್ಲಿಯ ಕೆಳಗೆ ಹಿಡಿದಳು. ನಾನು ಎಡಗೈಯಲ್ಲಿ ಒಂದು ತೆಗೆದುಕೊಂಡೆ, ಅದೂ ಕರಗಿತು. ಎರವಲು ಬೆರಳುಗಳ ಕೈಯಲ್ಲಿ ಹೊಸೆದು ನೋಡಿದೆ. ಸೊಟ್ಟಗಾಯಿತು, ಆದರೆ ಕರಗಲಿಲ್ಲ. ಇನ್ನೊಂದು. ಅದೂ ಕರಗಲಿಲ್ಲ. ಕೈಗೆ ಪಾಕ ಅಂಟಲೇ ಇಲ್ಲ.

ಅವಳು ನಲ್ಲಿ ನಿಲ್ಲಿಸಿ ನನ್ನ ಕೈ ಹಿಡಿದು ನೋಡಿದಳು. "ಅತ್ತಿಗೆ, ಫ್ರಿಜ್ಜಲ್ಲಿಟ್ಟ ಹಾಗಿದೆ! ಬೆವರೇ ಇಲ್ಲ! ಇಂಥ ಕೈ ಎಲ್ಲಾದ್ರೂ ಸಿಗುತ್ತಾ?"

ನಾಲ್ಕು ವರ್ಷದ ಮೇಲೆ ನೇರ ಆಡಿದ ಮೊದಲ ಮಾತು. ಕೆಟ್ಟುಹೋದ ಕೈಯನ್ನು ಹೊಗಳಿದಳು. ಸಿಟ್ಟು ಬರಬೇಕಿತ್ತು, ನಗು ಬಂತು.

ಜೂನ್ 1, ಭಾನುವಾರ

ಉಂಡೆ ಒಂದು ದೊಡ್ಡದು ಒಂದು ಸಣ್ಣದು ಆಗುತ್ತದೆಂದು ನಾದಿನಿ ಪೇಚಾಡುತ್ತಿದ್ದಳು. ಅಳತೆಯ ವಿಷಯ ಬಂದರೆ ಸುಮ್ಮನಿರುವ ಜಾತಿ ನನ್ನದಲ್ಲ. ಮನೆಯಿಂದ ಟೇಪು, ಸ್ಕೇಲು, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸು ಎಲ್ಲ ತಂದು, ಬೆಣ್ಣೆ ಕಾಗದದ ಮೇಲೆ ಒಂದಿಂಚಿನ ಅರವತ್ತು ವೃತ್ತ ಎಡಗೈಯಲ್ಲೇ ಬರೆದೆ. ಪ್ರತಿ ಉಂಡೆ ತನ್ನ ವೃತ್ತಕ್ಕೆ ಸರಿಯಾಗಿ ಕೂರಬೇಕು. ಕೂತವು. ಕಾಲಿಂಚು ಆಚೀಚೆ ಇಲ್ಲ. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನೋಡಿ ಮೆಚ್ಚಿಕೊಂಡೆವು.

ಗಟ್ಟಿಯಾದ ಮೇಲೆ ಎತ್ತಿದರೆ ಒಂದೊಂದರ ತಳದಲ್ಲೂ ನೀಲಿ ಬಳೆ.

ಅರವತ್ತೂ ಕಸಕ್ಕೆ. ನಾದಿನಿ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. "ಅತ್ತಿಗೆ, ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟಿದ್ದೀರೋ ಇಲ್ವೋ?" ಇವರು ನಾವು ಕೂಗುವುದರೊಳಗೆ ಒಂದನ್ನು ಬಾಯಿಗೆ ಹಾಕಿಕೊಂಡಿದ್ದರು. ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲವಂತೆ. ಇಂಥ ನಾಲಿಗೆಯನ್ನು ಇಷ್ಟು ವರ್ಷ ಸಾಕಿದ್ದೇನೆ.

ಸಂಜೆ ಕತ್ತರಿ ಮೊಳೆಯಿಂದ ತೆಗೆದೆ. ಹಿಡಿಯೊಳಗೆ ಬೆರಳು ಹೋದವು. ಬಾಯಿ ತೆರೆಯಲಿಲ್ಲ.

ಜೂನ್ 14, ಶನಿವಾರ

ಕ್ರೀಮಿನ ಪಾತ್ರೆಯನ್ನು ಒಲೆಯಿಂದ ಬಲಗೈಯಲ್ಲಿ ಇಳಿಸಿದೆ. ಬಟ್ಟೆ ಹಿಡಿಯಲು ಮರೆತೆ. ಏನೂ ಅನ್ನಿಸಲಿಲ್ಲ. ಸುಟ್ಟ ವಾಸನೆ ಬಂದಾಗ, ಚಾಕೊಲೇಟ್ ಸೀಯಿಸಿದೆ ಎಂದು ನಾದಿನಿಯನ್ನೇ ಬೈದೆ. ಅವಳು ನನ್ನ ಕೈ ನೋಡಿ ಕಿರುಚಿದಳು.

ಮೂರು ಬೊಬ್ಬೆ. ನೋವೇ ಇಲ್ಲ. ನೋವಿಲ್ಲ ಎನ್ನುವುದೇ ನನ್ನನ್ನು ಹೆದರಿಸಿತು.

ಜೂನ್ 15, ಭಾನುವಾರ

ಕತ್ತರಿಯನ್ನು ಕೋಟಿನ ಒಳಗೆ ಹಾಕುವ ಹಳೆಯ ಅಸ್ತರಿನ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಟೇಪನ್ನೂ ಹಾಕಿದೆ. ಇನ್ನು ಅಳೆಯುವುದಿಲ್ಲ.

ಜೂನ್ 24, ಮಂಗಳವಾರ

ಬರೆಯಲು ಏನೂ ಇಲ್ಲ.

ಜುಲೈ 6, ಭಾನುವಾರ

ಮೂರು ವಾರ ನಾನು ಹೋಗಲಿಲ್ಲವೆಂದು ಇವತ್ತು ನಾದಿನಿಯೇ ಬಂದಳು. ಕೈಯಲ್ಲಿ ಉದ್ದನೆಯ ಮರದ ಸೌಟು, ದಪ್ಪ ಬಟ್ಟೆಯ ಎರಡು ಕೈಗವಸು. ತಾನೇ ಹೊಲಿದಿದ್ದಾಳೆ. ಹೊಲಿಗೆ ನೋಡಲಾಗುವುದಿಲ್ಲ.

"ಒಲೆ ನನ್ನದು, ಉಂಡೆ ನಿಮ್ಮದು. ಬಿಸಿ ಪಾತ್ರೆ ಹತ್ರ ಬಂದ್ರೆ ಈ ಸೌಟಲ್ಲಿ ಹೊಡೀತೀನಿ" ಅಂದಳು.

"ನಿನ್ನ ಉಂಡೆಗೆ ನಾನೇ ಬೇಕಾ?"

"ಬೇಕು ಅತ್ತಿಗೆ. ಆರ್ಡರ್ ಒಪ್ಕೊಂಡುಬಿಟ್ಟಿದ್ದೀನಿ."

ಮದುವೆಯ ಆರ್ಡರು. ಆಗಸ್ಟ್ ಇಪ್ಪತ್ತನಾಲ್ಕಕ್ಕೆ, ಮುನ್ನೂರು ಟ್ರಫಲ್. ಅವಳ ಹೆಸರಿನಲ್ಲಿ ಬಂದ ಮೊದಲ ದೊಡ್ಡ ಕೆಲಸ. ಇದು ಸರಿಹೋದರೆ ಕೇಕಿನ ಅಂಗಡಿ ಬಿಟ್ಟು ಸ್ವಂತ ಶುರುಮಾಡಬೇಕೆಂದಿದ್ದಾಳೆ. ನನ್ನ ತಣ್ಣನೆ ಕೈಯನ್ನು ನಂಬಿ ಮಾತು ಕೊಟ್ಟಿದ್ದಾಳೆ, ನನ್ನನ್ನು ಒಂದು ಮಾತು ಕೇಳಿಲ್ಲ. ಅಣ್ಣನ ತಂಗಿಯೇ ಸರಿ.

ಸೌಟು ಹೆಗಲಿಗೇರಿಸಿಕೊಂಡು ನಡೆದಳು. ನಾನು ಹಿಂದೆ ಹೋದೆ. ಕೈಗವಸನ್ನು ನಾಳೆ ಬಿಚ್ಚಿ ಮತ್ತೆ ಹೊಲಿಯಿಸಬೇಕು.

ಜುಲೈ 20, ಭಾನುವಾರ

ಚಹಾ ಆರಿಹೋಗುತ್ತದೆ ಎಂದು ಎಡಗೈಯಲ್ಲಿ ಲೋಟ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇವತ್ತು ತೊಂಬತ್ತು ಉಂಡೆ. ಪಾಕದ ಹದ ಈಗ ನನಗೇ ತಿಳಿಯುತ್ತದೆ. ಫ್ರಿಜ್ಜಿನಿಂದ ಬೇಗ ತೆಗೆದರೆ ಅಂಟು, ತಡವಾದರೆ ಒಡಕು. ಒಂದು ಬಟ್ಟಲಿಗೆ ಕ್ರೀಮು ಚೂರು ಹೆಚ್ಚಾಗಿದೆ ಅಂದೆ. ನಾದಿನಿ ತೂಕದ ಚೀಟಿ ನೋಡಿದಳು, ಹೌದು. "ಹೇಗೆ ಗೊತ್ತಾಯ್ತು?" ಅಂದಳು. ಹೆಬ್ಬೆರಳಿಗೆ ಹಾಗನ್ನಿಸಿತು ಅಂದೆ. ಪೆಟ್ಟಿಗೆಗೆ ಯಾವ ಬಣ್ಣದ ದಾರ ಕಟ್ಟುವುದೆಂದು ಅರ್ಧ ಗಂಟೆ ವಾದ ಮಾಡಿದೆವು. ನಾನು ಗೆದ್ದೆ. ಬೂದು.

'ಇನ್ನೊಂದ್ಸಲ' ಮೇಡಂ ಫೋನ್ ಮಾಡಿದ್ದರು, ಎರಡು ವಾರದಿಂದ ಬಂದಿಲ್ಲ ಎಂದು. ನಮ್ಮ ಆರ್ಡರ್ ಮುಗಿಯಲಿ, ಬರುತ್ತೇನೆ ಅಂದೆ.

ಇವರ ಜಡೆ ಈಗ ಸಂಜೆಯವರೆಗೆ ನಿಲ್ಲುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸರ ಜಡೆಗಳನ್ನು ಕನ್ನಡಿಯಲ್ಲಿ ನೋಡಿ ಕಲಿತೆ ಎಂದರು. ರಸ್ತೆ ನೋಡಿ ಓಡಿಸಿ ಅಂದೆ.

ಆಗಸ್ಟ್ 9, ಶನಿವಾರ

ಇವತ್ತು ಒಂದೂ ಸರಿಬರಲಿಲ್ಲ. ಉಂಡೆ ಕಟ್ಟುವುದರೊಳಗೆ ಅಂಗೈಗೆ ಮೆತ್ತಿಕೊಳ್ಳುತ್ತಿದೆ. ಚಾಕೊಲೇಟ್ ಬೇರೆ ಅಂಗಡಿಯದು ಇರಬೇಕು. ನಾದಿನಿ ಅದೇ ಅಂಗಡಿಯದು ಅನ್ನುತ್ತಾಳೆ. ಹಾಗಾದರೆ ಕ್ರೀಮು ಜಾಸ್ತಿ. ಅದೂ ಅಲ್ಲವಂತೆ. ಸೆಕೆ ಅಂದೆ.

"ಸೆಕೆ ಎಲ್ಲಿದೆ ಅತ್ತಿಗೆ? ನಾನು ಸ್ವೆಟರ್ ಹಾಕ್ಕೊಂಡಿದ್ದೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಅವಳು ಹೇಳಲಿಲ್ಲ. ಮುಖ ಹೇಳಿತು.

ಆಗಸ್ಟ್ 16, ಶನಿವಾರ

ಇನ್ನೂ ಹಾಗೇ. ನಲವತ್ತು ಕಟ್ಟಿದರೆ ಹದಿನೈದು ನಿಲ್ಲುತ್ತವೆ. ಕೈಯ ಹದ ಕೆಟ್ಟಿದೆ. ಕತ್ತರಿ ಕೈಬಿಟ್ಟಿತು, ಈಗ ಇದೂ ಬಿಡುತ್ತಿದೆ. ನನ್ನ ವಿಷಯ ಹಾಳಾಗಲಿ, ಆ ಹುಡುಗಿ ಮಾತು ಕೊಟ್ಟು ಕೂತಿದ್ದಾಳೆ. ನನ್ನಿಂದ ಅವಳ ಹೆಸರು ಕೆಡಬಾರದು. ಬೇರೆ ಯಾರಾದರೂ ತಣ್ಣನೆ ಕೈಯವರು ಸಿಗುತ್ತಾರೇನೋ ಎಂದು ಇವರನ್ನು ಕೇಳಿದೆ. ಡಿಪೋದಲ್ಲಿ ವಿಚಾರಿಸುತ್ತೇನೆ ಅಂದರು. ಇಂಥದ್ದನ್ನು ಡಿಪೋದಲ್ಲಿ ಹೇಗೆ ವಿಚಾರಿಸುತ್ತಾರೋ ನನಗೆ ಗೊತ್ತಿಲ್ಲ.

ಆಗಸ್ಟ್ 22, ಶುಕ್ರವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೇ ಕೂತೆವು. ನಾಡಿದ್ದು ಮದುವೆ. ನೂರೆಂಬತ್ತು ಉಂಡೆ ಹೇಗೋ ಆಗಿವೆ, ಇನ್ನು ನೂರಿಪ್ಪತ್ತು ಬೇಕು. ನಾನು ಕಟ್ಟಿದ ಮೊದಲ ಹತ್ತೂ ಅಂಗೈಗೆ ಮೆತ್ತಿದವು. ನಾದಿನಿ ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ಆಮೇಲೆ ದೊಡ್ಡ ಬಟ್ಟಲಿನಲ್ಲಿ ಐಸು, ನೀರು ಹಾಕಿ ತಂದು ನನ್ನ ಮುಂದೆ ಕುಕ್ಕಿದಳು.

"ಅದ್ದಿ ಕಟ್ಟಿ ನೋಡಿ, ಅತ್ತಿಗೆ."

ಬಲಗೈ ಮುಳುಗಿಸಿದೆ. ಮುಳುಗಿಸಿದವಳೇ ಎಳೆದುಕೊಂಡೆ. "ಅಯ್ಯಪ್ಪಾ! ಏನೇ ಇದು, ಕೊರೀತಿದೆ!"

"ಏನಂದ್ರಿ?"

"ಕೊರೀತಿದೆ ಅಂದೆ. ಐಸು ಕೊರೀದೆ ಇರುತ್ತಾ?"

ಅವಳು ನನ್ನನ್ನೇ ನೋಡುತ್ತ ಕೇಳಿದಳು, "ಯಾವ ಕೈ, ಅತ್ತಿಗೆ?"

ನಾನು ಕೈ ನೋಡಿದೆ. ನೀರು ತೊಟ್ಟಿಕ್ಕುತ್ತಿತ್ತು. ಹೆಬ್ಬೆರಳು, ನಡುಬೆರಳು ಕೆಂಪಾಗಿದ್ದವು. ಅವೆರಡೂ ನೋಯುತ್ತಿದ್ದವು. ಇನ್ನೊಂದ್ಸಲ ಮುಳುಗಿಸಿದೆ. ಮತ್ತೆ ಕೊರೆಯಿತು. ಮೂರನೆಯ ಸಲ ಬೇಕೆಂದೇ ಮುಳುಗಿಸಿ, ಕಣ್ಣಲ್ಲಿ ನೀರು ಬರುವವರೆಗೆ ಇಟ್ಟುಕೊಂಡೆ.

ಅವಳು ಕೈ ಒರೆಸಿದಳು. ಎರಡು ನಿಮಿಷ ಕಾದು, ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. "ಬೆಚ್ಚಗಾಗ್ತಿದೆ" ಅಂದಳು. "ಬೆವರೂ ಇದೆ. ಅಂಟುತ್ತೆ. ಅಯ್ಯೋ ನಮ್ಮ ಬುದ್ಧಿಗೆ, ಎರಡು ವಾರದಿಂದ ಕ್ರೀಮನ್ನ ಬೈತಿದ್ವಲ್ಲ ಅತ್ತಿಗೆ!" ಆಮೇಲೆ ಮೂಗು ಸೀಟಿಕೊಂಡು ಎದ್ದು ನಿಂತು, ಯಜಮಾನಿಯ ಗತ್ತಿನಲ್ಲಿ, "ನೋಡಿ, ಇವತ್ತಿಂದ ನಿಮಗೆ ನನ್ನ ಹತ್ರ ಕೆಲಸ ಇಲ್ಲ. ಇಂಥ ಬಿಸಿ ಕೈ ಇಟ್ಕೊಂಡು ನನ್ನ ಟ್ರಫಲ್ ಮುಟ್ಟಬೇಡಿ" ಎಂದಳು. ಹೇಳುತ್ತಲೇ ಅತ್ತಳು.

ನಾನೂ ಅತ್ತುಬಿಟ್ಟೆ. ಸಂತೋಷಕ್ಕೆ. ಬರೆಯಲು ನಾಚಿಕೆ ಏನು?

ಅಳು ಮುಗಿದರೂ ನೂರಿಪ್ಪತ್ತು ಉಂಡೆ ಹಾಗೇ ಇದ್ದವು. ಕೆಲಸದಿಂದ ತೆಗೆದವಳೇ ಮತ್ತೆ ಕರೆದಳು. ಐಸಿನಲ್ಲಿ ಅದ್ದುವುದು, ಒರೆಸುವುದು, ಎರಡು ಕಟ್ಟುವುದು, ಮತ್ತೆ ಅದ್ದುವುದು. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದ ಇವರನ್ನೂ ಕೂರಿಸಿದೆವು. ವಿಷಯ ಹೇಳಿದಾಗ ಇವರು ಕೈಯಲ್ಲಿದ್ದ ಉಂಡೆ ಕೆಳಗಿಟ್ಟರು. ನನ್ನ ಹೆಬ್ಬೆರಳನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತರು. "ಗೊತ್ತಾಗ್ತಿದೆಯಾ?" ಅಂದರು. "ಬಿಡಿ ರೀ, ಗೊತ್ತಾಗ್ತಿದೆ" ಅಂದೆ. ಬಿಡಲಿಲ್ಲ. ಆರು ಗಂಟೆಗೆ ಮುನ್ನೂರೂ ಮುಗಿದವು.

ಆಗಸ್ಟ್ 25, ಸೋಮವಾರ

ಮದುವೆಯಲ್ಲಿ ಉಂಡೆ ಒಂದೂ ಉಳಿಯಲಿಲ್ಲವಂತೆ. ಇನ್ನೆರಡು ಆರ್ಡರು ಬಂದಿವೆ ಎಂದು ನಾದಿನಿ ಬೆಳಿಗ್ಗೆ ಫೋನಿನಲ್ಲಿ ಕಿವುಡಾಗುವಂತೆ ಕಿರುಚಿದಳು.

'ಇನ್ನೊಂದ್ಸಲ' ಮೇಡಂ ಹತ್ತಿರ ಹೋದೆ. ಬಾರದಿದ್ದುದಕ್ಕೆ ಮೊದಲು ಬೈದರು. ಕಣ್ಣು ಮುಚ್ಚಿಸಿ ಹತ್ತಿ ಮುಟ್ಟಿಸಿದರು, ಪಿನ್ನು ಮುಟ್ಟಿಸಿದರು. ತೋರುಬೆರಳ ತುದಿ ಮಾತ್ರ ಇನ್ನೂ ಮಂಕು. ಆಮೇಲೆ ಈ ಪುಸ್ತಕ ತಿರುವಿ, "ಯಾವತ್ತಿಂದ ಬಲಗೈಯಲ್ಲಿ ಬರೀತಿದ್ದೀರಿ?" ಎಂದರು.

ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ. ಜುಲೈ ತಿಂಗಳ ಒಂದು ಪುಟ ತೋರಿಸಿದರು. ಅಲ್ಲಿಂದ ಅಕ್ಷರ ನೆಟ್ಟಗಿದೆ. ಪುಟದ ಮೂಲೆಯಲ್ಲಿ ಚಹಾ ಕಲೆ ಇದೆ.

ಸೆಪ್ಟೆಂಬರ್ 1, ಸೋಮವಾರ

ಪೆಟ್ಟಿಗೆಯಿಂದ ಕತ್ತರಿ ತೆಗೆದು, ಎಣ್ಣೆ ಹಾಕಿ, ಅಂಗಡಿಗೆ ಹೋದೆ. ಗಾಜಿನ ಬಾಗಿಲಿಗೆ "ಕಟಿಂಗ್ ಮಾಸ್ಟರ್ ಬೇಕಾಗಿದ್ದಾರೆ" ಎಂಬ ಚೀಟಿ ಆಗಲೇ ಅಂಟಿಸಿದ್ದರು. ನಾನು ಬರುತ್ತೇನೆಂದು ಯಜಮಾನರು ನಂಬಿರಲಿಲ್ಲ. ತಪ್ಪಲ್ಲ, ನಾನೂ ನಂಬಿರಲಿಲ್ಲ.

"ಮೊದಲು ಅಸ್ತರಿನ ತುಂಡಲ್ಲಿ ನೋಡಿ ಮಾಸ್ಟ್ರೇ" ಎಂದರು.

"ಅಸ್ತರಿನಲ್ಲಿ ಕತ್ತರಿಸೋಕೆ ಮಾಸ್ಟ್ರು ಯಾಕೆ ಬೇಕು?" ಎಂದು ಗಿರಾಕಿಯ ಬೂದು ಉಣ್ಣೆ ಬಟ್ಟೆಯನ್ನೇ ಮೇಜಿನ ಮೇಲೆ ಹಾಸಿದೆ. ಹೆಬ್ಬೆರಳನ್ನು ಬಟ್ಟೆಯ ಮೇಲೆ ಎಳೆದೆ. ಉಣ್ಣೆ ಸಣ್ಣಗೆ ಚುಚ್ಚಿತು. ಗುರುತು ಹಾಕಿದೆ. ಕತ್ತರಿ ಬಾಯಿ ತೆರೆಯಿತು.

ಮೊದಲಿನ ವೇಗ ಇಲ್ಲ. ತೋಳಿನ ತಿರುವಿನಲ್ಲಿ ಕೈ ಒಮ್ಮೆ ಅಲುಗಿ ಅಂಚು ಕೂದಲೆಳೆಯಷ್ಟು ಸರಿಯಿತು, ಹೊಲಿಗೆಯೊಳಗೆ ಮುಚ್ಚಿಹೋಗುವಷ್ಟೇ. ಕೊನೆಯ ತುಂಡು ಬಿಡಿಸಿ ಇಟ್ಟಾಗ, ಹದಿನೈದು ವರ್ಷದಿಂದ ನನ್ನ ಪಕ್ಕದಲ್ಲೇ ಗುಂಡಿಯ ಕಾಜ ಹೊಲಿಯುವ ಕಾಜಣ್ಣ ಬಾಗಿ ನೋಡಿ, "ಅಬ್ಬ, ಇನ್ನು ನಾನು ಕತ್ತರಿಸೋದು ತಪ್ಪಿತು. ಈ ಏಳು ತಿಂಗಳಲ್ಲಿ ಊರಲ್ಲಿ ಅರ್ಧ ಜನಕ್ಕೆ ತೋಳು ಗಿಡ್ಡ ಮಾಡಿದ್ದೀನಿ" ಎಂದ.

ಯಜಮಾನರು ಬಾಗಿಲ ಬಳಿ ಹೋಗಿ ಉಗುರಿನಿಂದ ಚೀಟಿ ಕೆರೆದು ಕಿತ್ತರು. ನಾದಿನಿ ಕಳಿಸಿದ್ದ ಪೆಟ್ಟಿಗೆ ಬಿಚ್ಚಿದೆ. ಅವಳೊಬ್ಬಳೇ ಕಟ್ಟಿದ ಉಂಡೆಗಳು, ಒಂದೂ ದುಂಡಗಿಲ್ಲ. ಎಲ್ಲರೂ ಎರಡೆರಡು ತಿಂದರು.

ಸೆಪ್ಟೆಂಬರ್ 4, ಗುರುವಾರ

ಬರೆಯಲು ಪುರುಸೊತ್ತಿಲ್ಲ, ನಾಲ್ಕು ಕೋಟು ಕತ್ತರಿಸುವುದಿದೆ. ಇವರು ಬಾಚಣಿಗೆ ಹಿಡಿದುಕೊಂಡು ಕರೆಯುತ್ತಿದ್ದಾರೆ. ಜಡೆ ನಾನೇ ಹಾಕಿಕೊಳ್ಳಬಲ್ಲೆ, ಮೊನ್ನೆ ಒಬ್ಬಳೇ ಇದ್ದಾಗ ಹಾಕಿ ನೋಡಿ ಬಿಚ್ಚಿಟ್ಟೆ. ಅದನ್ನು ಇವರಿಗೆ ಇನ್ನೂ ಹೇಳಿಲ್ಲ.